ಸಿಗಾರಿಗೆ ಬೆಂಕಿ ಮುಟ್ಟಿಸಬೇಡಿ, ಬಿಸಿ ತಾಗಿಸಿ

ಪ್ರಶ್ನೆ: ಮಡಿಕೇರಿ ಸಮೀಪ ನಮ್ಮದೊಂದು ಕಾಫಿ ತೋಟವಿದೆ. ದುಬೈಯಲ್ಲಿರುವ ಭಾವಮೈದ ಕಳೆದ ಸಲ ಬಂದಾಗ ಒಂದು ಪೆಟ್ಟಿಗೆ ಕ್ಯೂಬಾ ಸಿಗಾರ್ ತಂದುಕೊಟ್ಟ. ಸಂಜೆ ಜಗಲಿಯಲ್ಲಿ ಕುಳಿತು ಹಚ್ಚಿದರೆ ಮೊದಲ ಎಳೆತಕ್ಕೇ ಸೀಮೆಎಣ್ಣೆಯಂಥ ವಾಸನೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಪಕ್ಕ ಉರಿದುಹೋಗಿ ಇನ್ನೊಂದು ಪಕ್ಕ ಹಾಗೆಯೇ ಉಳಿಯುತ್ತದೆ. ಮಳೆಗಾಲ ಶುರುವಾದ ಮೇಲಂತೂ ಅರ್ಧಕ್ಕೇ ಆರಿಹೋಗುತ್ತಿದೆ. ನನ್ನ ಬಳಿ ಇರುವುದು ಹಳೆಯ ಜಿಪ್ಪೊ ಲೈಟರ್. ನಮ್ಮ ಅಜ್ಜ ಒಂದೇ ಕಡ್ಡಿ ಗೀರಿ ಚುಟ್ಟಾ ಹಚ್ಚುತ್ತಿದ್ದುದನ್ನು ಕಂಡವನು ನಾನು. ಇಷ್ಟು ದುಬಾರಿ ಸಿಗಾರಿಗೆ ಏಕಿಷ್ಟು ಕಷ್ಟ? ಯಾವ ಲೈಟರ್ ಕೊಳ್ಳಬೇಕು? ಆರಿಹೋದ ಸಿಗಾರನ್ನು ಮತ್ತೆ ಹಚ್ಚಬಹುದೇ?

ಉತ್ತರ: ನಿಮ್ಮ ಮೂರು ದೂರುಗಳಿಗೆ ಕಾರಣಗಳೂ ಮೂರು. ವಾಸನೆ ಬರುತ್ತಿರುವುದು ಲೈಟರಿನ ಇಂಧನದಿಂದ. ಒಂದೇ ಪಕ್ಕ ಉರಿಯುತ್ತಿರುವುದು ಹಚ್ಚುವ ರೀತಿಯಿಂದ. ಅರ್ಧಕ್ಕೆ ಆರುತ್ತಿರುವುದು ನಿಮ್ಮ ಊರಿನ ಮಳೆಯಿಂದ. ಹೊಸ ಲೈಟರ್ ಕೊಂಡರೆ ಮೊದಲನೆಯದು ಮಾತ್ರ ಪರಿಹಾರವಾದೀತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಉಳಿದೆರಡನ್ನೂ ತಿಳಿದುಕೊಳ್ಳಿ.

ಅಜ್ಜನ ಚುಟ್ಟಾದಿಂದಲೇ ಶುರುಮಾಡೋಣ. ಚುಟ್ಟಾ ತೆಳ್ಳಗಿರುತ್ತದೆ, ಒಣಗಿರುತ್ತದೆ, ಅದರ ಎರಡೂ ತುದಿ ತೆರೆದಿರುತ್ತವೆ. ಗಾಳಿ ಸರಾಗವಾಗಿ ಹಾಯುವುದರಿಂದ ಒಂದು ಕಡ್ಡಿಯ ಉರಿ ಅದಕ್ಕೆ ಸಾಕು. ನಿಮ್ಮ ಪೆಟ್ಟಿಗೆಯಲ್ಲಿರುವುದು ಬೇರೆಯೇ ಕಟ್ಟಡ. ಒಳಗೆ ಉದ್ದುದ್ದ ಮಡಿಸಿಟ್ಟ ಫಿಲ್ಲರ್ ಎಲೆಗಳು, ಅವುಗಳನ್ನು ಹಿಡಿದಿಡುವ ಬೈಂಡರ್, ಮೇಲೆ ರೇಷ್ಮೆಯಷ್ಟು ನಯವಾದ ರ‍್ಯಾಪರ್. ಫಿಲ್ಲರಿನಲ್ಲೂ ಒಂದೇ ಬಗೆಯ ಎಲೆ ಇರುವುದಿಲ್ಲ. ತಂಬಾಕು ಗಿಡದ ಬುಡದ ಕಡೆಯ ಎಲೆಗಳಿಗೆ ಕ್ಯೂಬಾದವರು ವೊಲಾಡೊ ಎನ್ನುತ್ತಾರೆ. ಅವು ತೆಳುವಾಗಿದ್ದು ಚೆನ್ನಾಗಿ ಉರಿಯುತ್ತವೆ. ಗಿಡದ ಮೇಲ್ಭಾಗದಲ್ಲಿ ಬಿಸಿಲುಂಡು ಬೆಳೆದ ಲಿಹೇರೊ ಎಲೆ ದಪ್ಪ, ಖಾರ, ಉರಿಯುವುದು ನಿಧಾನ. ಹೊಸೆಯುವವರು ಅದನ್ನು ಬೇಕೆಂದೇ ನಟ್ಟನಡುವೆ ಇಡುತ್ತಾರೆ. ಅಂದರೆ ಸಿಗಾರಿನ ಅಂಚು ಬೇಗ ಹತ್ತುತ್ತದೆ, ನಡುಭಾಗ ತಡವಾಗಿ ಹತ್ತುತ್ತದೆ. ಇದರ ಜೊತೆಗೆ ಇಡೀ ಸಿಗಾರ್ ಶೇಕಡಾ 65ರಿಂದ 70ರ ತೇವಾಂಶದಲ್ಲಿ ಇಟ್ಟದ್ದು. ರೊಬುಸ್ಟೊ ಎಂಬ ಸಾಮಾನ್ಯ ಅಳತೆಯ ಸಿಗಾರಿನ ರಿಂಗ್ ಗೇಜ್ 50. ಹಾಗೆಂದರೆ ಒಂದು ಅಂಗುಲವನ್ನು 64 ಪಾಲು ಮಾಡಿ ಅದರಲ್ಲಿ 50 ಪಾಲು, ಹೆಚ್ಚುಕಡಿಮೆ 20 ಮಿಲಿಮೀಟರ್ ದಪ್ಪ. ಅಷ್ಟಗಲದ, ತೇವವಿರುವ, ಒಂದೊಂದು ಪದರ ಒಂದೊಂದು ವೇಗದಲ್ಲಿ ಉರಿಯುವ ಮುಖಕ್ಕೆ ಥಟ್ಟನೆ ಬೆಂಕಿ ಇಟ್ಟರೆ ಜ್ವಾಲೆ ತಾಗಿದ ಕಡೆಯ ರ‍್ಯಾಪರ್ ಸುಟ್ಟು ಓಡುತ್ತದೆ, ಉಳಿದದ್ದು ಹಸಿಯಾಗಿ ನಿಲ್ಲುತ್ತದೆ. ನೀವು ಕಂಡ ಒಂದು ಪಕ್ಕದ ಉರಿ ಇದೇ.

ಈಗ ವಾಸನೆಯ ವಿಚಾರ. ಜಿಪ್ಪೊ ನಿಜಕ್ಕೂ ಒಳ್ಳೆಯ ಲೈಟರ್. 1932ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನಲ್ಲಿ ಶುರುವಾದ ಆ ಕಂಪನಿಯ ಲೈಟರು ಗಾಳಿಗೆ ಆರದೆ ಉರಿಯುವುದಕ್ಕೇ ಹೆಸರಾಯಿತು. ಆದರೆ ಅದರ ಹೊಟ್ಟೆಯಲ್ಲಿರುವುದು ನಾಫ್ತಾ, ಪೆಟ್ರೋಲಿನ ಹತ್ತಿರದ ಸಂಬಂಧಿ. ಬತ್ತಿಯಿಂದ ಮೇಲೇಳುವ ಆವಿಯೆಲ್ಲ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದ ಪಾಲನ್ನು ತಂಬಾಕಿನ ಎಲೆ ಹೀರಿಕೊಳ್ಳುತ್ತದೆ. ಸಿಗರೇಟು ಒಂದೆರಡು ಸೆಕೆಂಡಿನಲ್ಲಿ ಹತ್ತಿಕೊಳ್ಳುವುದರಿಂದ ಅಲ್ಲಿ ಇದು ಗೊತ್ತಾಗುವುದಿಲ್ಲ. ಸಿಗಾರನ್ನು ಅರ್ಧ ನಿಮಿಷಕ್ಕೂ ಹೆಚ್ಚು ಉರಿಯ ಹತ್ತಿರ ಹಿಡಿಯಬೇಕು. ಅಷ್ಟು ಹೊತ್ತಿಗೆ ಮೊದಲ ಅಂಗುಲವೆಲ್ಲ ನಾಫ್ತಾ ಕುಡಿದಿರುತ್ತದೆ. ಆ ಅಂಗುಲ ಉರಿದು ಹೋಗುವವರೆಗೆ ಏನು ಮಾಡಿದರೂ ವಾಸನೆ ಬಿಡದು. ಮೇಣದಬತ್ತಿಯಿಂದ ನೇರವಾಗಿ ಹಚ್ಚಿದರೂ ಇದೇ ಗತಿ, ಮೇಣದ ಆವಿ ಎಲೆಗೆ ಅಂಟುತ್ತದೆ. ಜಿಪ್ಪೊದ ಹೊರಕವಚ ನಿಮಗೆ ಪ್ರಿಯವಾಗಿದ್ದರೆ ಅದನ್ನು ಮೂಲೆಗೆ ಹಾಕಬೇಕಾಗಿಲ್ಲ. ಆ ಕಂಪನಿಯೇ ಅದರೊಳಗೆ ಕೂರುವ, ಬ್ಯುಟೇನ್ ಗ್ಯಾಸಿನಿಂದ ಉರಿಯುವ ಬದಲಿ ಒಳಭಾಗವನ್ನು (ಇನ್ಸರ್ಟ್) ಮಾರುತ್ತದೆ. ಹತ್ತಿ ತುಂಬಿದ ಹಳೆಯ ಒಳಭಾಗವನ್ನು ಎಳೆದು ತೆಗೆದು ಇದನ್ನು ಕೂರಿಸಿದರಾಯಿತು.

ಬ್ಯುಟೇನ್ ಏಕೆಂದರೆ, ಶುದ್ಧಗೊಳಿಸಿದ ಬ್ಯುಟೇನಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ, ಅದು ಉರಿದ ಮೇಲೆ ಎಲೆಯಲ್ಲಿ ಏನನ್ನೂ ಉಳಿಸುವುದಿಲ್ಲ. ಸಿಗಾರಿಗೆ ಬಳಸುವ ಲೈಟರಿನಲ್ಲಿ ಇದು ಬಿಟ್ಟು ಬೇರೆ ಇಂಧನ ಇರಕೂಡದು. ಬ್ಯುಟೇನ್ ಲೈಟರಿನಲ್ಲಿ ಎರಡು ಜಾತಿ. ಹಳದಿ ಬಣ್ಣದ ಮೆತ್ತನೆಯ ಜ್ವಾಲೆಯದು ಒಂದು, ನೀಲಿ ಬಣ್ಣದ ಚೂಪು ಜ್ವಾಲೆಯ ಜೆಟ್ ಇನ್ನೊಂದು. ಜೆಟ್‌ನಲ್ಲಿ ಗ್ಯಾಸು ಸಣ್ಣ ರಂಧ್ರದಿಂದ ನುಗ್ಗುವಾಗಲೇ ಪಕ್ಕದ ಗಾಳಿಯನ್ನು ಒಳಗೆಳೆದು ಬೆರೆಸಿಕೊಂಡಿರುತ್ತದೆ. ಹಾಗಾಗಿ ಜ್ವಾಲೆ ಮಸಿಯಿಲ್ಲದೆ ರಭಸವಾಗಿ ಉರಿಯುತ್ತದೆ, ಬೀಸುಗಾಳಿಗೂ ಜಗ್ಗುವುದಿಲ್ಲ. ಒತ್ತಿದಾಗ ಕೇಳುವ ಟಕ್ ಸದ್ದು ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನದೇ ಸದ್ದು. ಸ್ಫಟಿಕಕ್ಕೆ ಪೆಟ್ಟು ಬಿದ್ದಾಗ ವಿದ್ಯುತ್ತು ಹುಟ್ಟಿ ಕಿಡಿ ಹಾರುತ್ತದೆ. ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ 1880ರಲ್ಲಿ ಕಂಡುಹಿಡಿದ ಗುಣ ಅದು. ಮೆತ್ತನೆಯ ಜ್ವಾಲೆಯ ಲೈಟರುಗಳಲ್ಲಿ ಸಾಮಾನ್ಯವಾಗಿ ಗಾಲಿ ತಿರುಗಿಸಿ ಕಲ್ಲು ಉಜ್ಜುವ ಹಳೆಯ ವ್ಯವಸ್ಥೆಯೇ ಇರುತ್ತದೆ.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಕಲಿಯುವವರ ಕೈಗೆ ಮೆತ್ತನೆಯ ಜ್ವಾಲೆಯೇ ಒಳ್ಳೆಯದು. ಸಿಗಾರ್ ಕೊಠಡಿಯೊಂದರಲ್ಲಿ ಅತಿಥಿಗಳಿಗೆ ಸಿಗಾರ್ ಹಚ್ಚಿಕೊಡುವ ಕೆಲಸವನ್ನು ಬಹಳ ವರ್ಷ ಮಾಡಿದ್ದೇನೆ. ಅಲ್ಲಿ ಹಾಳಾದ ಸಿಗಾರುಗಳಲ್ಲಿ ಹೆಚ್ಚಿನವು ಜೆಟ್ ಲೈಟರಿನ ಬಾಯಿಗೆ ಸಿಕ್ಕವು. ಜೆಟ್‌ನ ಉರಿ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಎರಡು ಸೆಕೆಂಡು ಅಜಾಗರೂಕರಾಗಿ ಹತ್ತಿರ ಹಿಡಿದರೆ ಎಲೆ ಕರಕಲಾಗುತ್ತದೆ, ಆ ಕರಕಲಿನ ಕಹಿ ಅರ್ಧ ಗಂಟೆ ನಾಲಿಗೆಯ ಮೇಲಿರುತ್ತದೆ. ಮೆತ್ತನೆಯ ಜ್ವಾಲೆ ತಪ್ಪನ್ನು ತಡೆದುಕೊಳ್ಳುತ್ತದೆ, ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಆದರೆ ನೀವು ಕೂರುವುದು ಕೊಡಗಿನ ಜಗಲಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹಳದಿ ಜ್ವಾಲೆ ನಿಲ್ಲುವುದು ಕಷ್ಟ. ಆದ್ದರಿಂದ ನಿಮಗೆ ನನ್ನ ಸಲಹೆ ಒಂದೇ ಒಂದು ಜ್ವಾಲೆಯ ಜೆಟ್. ಮೂರು, ನಾಲ್ಕು ಜ್ವಾಲೆ ಉಗುಳುವವು ಅಂಗಡಿಯ ಗಾಜಿನೊಳಗೆ ಭರ್ಜರಿಯಾಗಿ ಕಾಣುತ್ತವೆ. ಅವು ಗ್ಯಾಸನ್ನು ಬೇಗ ಮುಗಿಸುತ್ತವೆ, ಬೆಂಕಿಯನ್ನು ಬೇಕಾದ ಕಡೆಗಷ್ಟೇ ಹಿಡಿಯಲು ಬಿಡುವುದಿಲ್ಲ. ಕೊಳ್ಳುವಾಗ ಮೂರು ವಿಷಯ ನೋಡಿ: ಗ್ಯಾಸ್ ಎಷ್ಟಿದೆ ಎಂದು ಕಾಣುವ ಕಿಟಕಿ, ಬೆರಳಲ್ಲೇ ತಿರುಗಿಸಬಹುದಾದ ಜ್ವಾಲೆಯ ತಿರುಪು, ಕೈಯಿಂದ ಬಿಟ್ಟೊಡನೆ ಆರುವ ಗುಂಡಿ. ಡ್ಯುಪಾಂಟ್‌ನಂಥ ದುಬಾರಿ ಲೈಟರುಗಳು ಆಭರಣದಷ್ಟು ಚೆಂದ, ತಲೆಮಾರುಗಳವರೆಗೆ ಬಾಳುತ್ತವೆ. ಆದರೆ ಸಿಗಾರಿಗೆ ಬೇಕಾದದ್ದು ಶುಭ್ರವಾದ ಬಿಸಿ ಮಾತ್ರ, ಅದನ್ನು ಸಾಧಾರಣ ಲೈಟರೂ ಕೊಡುತ್ತದೆ.

ಭಾವಮೈದನಿಗೆ ದುಬೈಯಿಂದಲೇ ತರಲು ಹೇಳಬೇಡಿ. ಗ್ಯಾಸಿನ ಕ್ಯಾನನ್ನು ಕೈಚೀಲದಲ್ಲೂ ಲಗೇಜಿನಲ್ಲೂ ವಿಮಾನದೊಳಗೆ ಬಿಡುವುದಿಲ್ಲ. ಗ್ಯಾಸ್ ತುಂಬಿದ ಲೈಟರನ್ನು ಲಗೇಜಿನಲ್ಲಿ ಇಡುವಂತಿಲ್ಲ.

ಜೆಟ್ ಲೈಟರಿನ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಗ್ಯಾಸ್ ತುಂಬುವ ರೀತಿಗೆ ಸಂಬಂಧಿಸಿದವು. ತುಂಬುವ ಮೊದಲು ಒಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕಬೇಕು. ಲೈಟರನ್ನು ತಲೆಕೆಳಗಾಗಿ ಹಿಡಿದು, ಅಡಿಯಲ್ಲಿರುವ ಕವಾಟವನ್ನು ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಬುಸ್ಸೆನ್ನುವ ಸದ್ದು ಪೂರ್ತಿ ನಿಲ್ಲುವವರೆಗೆ ಒತ್ತಿಹಿಡಿಯಿರಿ. ಜ್ವಾಲೆಯ ತಿರುಪನ್ನು ಅತಿ ಕಡಿಮೆಗೆ ತಿರುಗಿಸಿ. ಲೈಟರು ತಲೆಕೆಳಗಾಗಿಯೇ ಇರಲಿ, ಅದರ ಮೇಲೆ ಗ್ಯಾಸ್ ಕ್ಯಾನನ್ನೂ ತಲೆಕೆಳಗಾಗಿ ನೇರವಾಗಿ ಒತ್ತಿ. ದ್ರವರೂಪದ ಗ್ಯಾಸು ಇಳಿಯುವುದು ಹೀಗೆ ಹಿಡಿದಾಗ ಮಾತ್ರ. ತುಂಬಿದ ಮೇಲೆ ಲೈಟರು ಮುಟ್ಟಿದರೆ ತಣ್ಣಗಿರುತ್ತದೆ. ಐದಾರು ನಿಮಿಷ ಬಿಟ್ಟು, ಅದು ಕೋಣೆಯ ಬಿಸಿಗೆ ಬಂದ ಮೇಲೆ, ಸುತ್ತ ಚೆಲ್ಲಿದ ಗ್ಯಾಸು ಚದುರಿದ ಮೇಲೆ ಹೊತ್ತಿಸಿ. ಇದನ್ನೆಲ್ಲ ಒಲೆ, ದೀಪ ಇಲ್ಲದ, ಕಿಟಕಿ ತೆರೆದ ಜಾಗದಲ್ಲಿ ಮಾಡಿ.

ಅಡುಗೆ ಸಿಲಿಂಡರಿನಿಂದ ಲೈಟರಿಗೆ ಗ್ಯಾಸ್ ಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಎಲ್‌ಪಿಜಿಯಲ್ಲಿ ಬ್ಯುಟೇನಿನ ಜೊತೆ ಪ್ರೊಪೇನ್ ಇರುತ್ತದೆ. ಅದೇ ಬಿಸಿಯಲ್ಲಿ ಪ್ರೊಪೇನಿನ ಒತ್ತಡ ಬ್ಯುಟೇನಿನ ಒತ್ತಡಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು, ಲೈಟರಿನ ಪುಟ್ಟ ಟ್ಯಾಂಕು ಅದಕ್ಕೆಂದು ಮಾಡಿದ್ದಲ್ಲ. ಮೇಲಾಗಿ ಸೋರಿದರೆ ಗೊತ್ತಾಗಲೆಂದು ಅಡುಗೆ ಅನಿಲಕ್ಕೆ ಕೊಳೆತ ವಾಸನೆಯ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಇನ್ನೊಂದು ವಿಷಯ ನಿಮ್ಮ ಊರಿಗೆ ಸೇರಿದ್ದು. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಅಲ್ಲಿ ಗಾಳಿ ತುಸು ತೆಳು. ಮಂಗಳೂರಿನಲ್ಲಿ ಸರಿಯಾಗಿ ಉರಿದ ಜೆಟ್ ಅಲ್ಲಿ ಟಕ್ ಟಕ್ ಎಂದು ಹೊತ್ತದೇ ಇದ್ದರೆ ಕೆಟ್ಟಿದೆಯೆಂದು ಭಾವಿಸಬೇಡಿ. ಗ್ಯಾಸಿನ ತಿರುಪನ್ನು ಕಡಿಮೆ ಮಾಡಿ ನೋಡಿ. ಹೆಚ್ಚಿಸಿದರೆ ಇನ್ನೂ ಹೊತ್ತುವುದಿಲ್ಲ. ಬ್ಯುಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಚಳಿಯ ಮುಂಜಾನೆ ಲೈಟರ್ ಮಂಕಾದರೆ ಎರಡು ನಿಮಿಷ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಸಾಕು. ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಮಾತ್ರ ಅದನ್ನು ಬಿಟ್ಟುಹೋಗಬೇಡಿ.

ಏನನ್ನೂ ಕೊಳ್ಳದೆ ಇವತ್ತೇ ಮಾಡಬಹುದಾದ ದಾರಿಯೂ ಇದೆ, ಗಾಳಿಯಿಲ್ಲದ ಸಂಜೆಗಳಿಗೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದೂ ಅದೇ. ನಿಮ್ಮ ಸಿಗಾರ್ ಪೆಟ್ಟಿಗೆಯಲ್ಲಿ ಸಾಲುಗಳ ನಡುವೆ ಕಾಗದದಷ್ಟು ತೆಳುವಾದ ಮರದ ಹಾಳೆ ಇರಬಹುದು. ಅದಕ್ಕೆ ಸ್ಪ್ಯಾನಿಷ್ ಸೀಡರ್ ಎನ್ನುತ್ತಾರೆ. ದೇವದಾರಿಗೂ ಅದಕ್ಕೂ ನಂಟಿಲ್ಲ, ಅದು ನಮ್ಮ ಬೇವಿನ ಕುಟುಂಬದ ಮರ. ಆ ಹಾಳೆಯನ್ನು ಮರದ ನಾರಿನ ಉದ್ದಕ್ಕೆ ಬೆರಳಗಲದ ಪಟ್ಟಿಗಳಾಗಿ ಸೀಳಿಕೊಳ್ಳಿ. ನಿಮ್ಮ ಜಿಪ್ಪೊದಿಂದಲೇ ಪಟ್ಟಿಯ ತುದಿಗೆ ಬೆಂಕಿ ಹಚ್ಚಿ, ಒಂದೆರಡು ಸೆಕೆಂಡು ಉರಿಯಬಿಟ್ಟು, ಆ ಉರಿಯಿಂದ ಸಿಗಾರ್ ಹಚ್ಚಿ. ನಾಫ್ತಾ ಸಿಗಾರಿನ ಹತ್ತಿರವೇ ಬರುವುದಿಲ್ಲ. ಸೀಡರಿನ ಮಂದವಾದ ಪರಿಮಳ ತಂಬಾಕಿಗೆ ಹೊಂದುತ್ತದೆ. ಹಾಳೆ ಇಲ್ಲದಿದ್ದರೆ ಉದ್ದನೆಯ ಮರದ ಬೆಂಕಿಕಡ್ಡಿ ಆದೀತು. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ ಇರುವುದರಿಂದ ತಲೆ ಪೂರ್ತಿ ಉರಿದು ಬೆಂಕಿ ಮರಕ್ಕೆ ಇಳಿಯುವವರೆಗೆ ಕಾಯಬೇಕು. ಮೇಣದ ಕಡ್ಡಿ ಬೇಡ.

ಹಚ್ಚುವ ಕೆಲಸಕ್ಕೆ ಬರೋಣ. ಬಾಯಿಗಿಡುವ ತುದಿಯನ್ನು ಮುಚ್ಚಿರುವ ಎಲೆಯ ಟೋಪಿಯನ್ನು, ಅಂದರೆ ಕ್ಯಾಪನ್ನು, ಹರಿತವಾದ ಕಟ್ಟರಿನಿಂದ ಒಂದೇ ಏಟಿಗೆ ಕತ್ತರಿಸಿ. ತುದಿಯಿಂದ ಎರಡು ಮಿಲಿಮೀಟರಿನಷ್ಟು ಸಾಕು. ಬೆಂಕಿಯಿಲ್ಲದೆ ಒಮ್ಮೆ ಎಳೆದು ನೋಡಿ, ಗಾಳಿ ಸಲೀಸಾಗಿ ಬರಬೇಕು. ಇಲ್ಲಿ ಬಿಗಿಯಾಗಿದ್ದರೆ ಯಾವ ಲೈಟರೂ ಅದನ್ನು ಸರಿಯಾಗಿ ಉರಿಸಲಾರದು.

ಈಗ ಸಿಗಾರನ್ನು ಬಾಯಿಗಿಡಬೇಡಿ, ಕೈಯಲ್ಲೇ ಹಿಡಿಯಿರಿ. ಹಚ್ಚುವ ತುದಿ ಓರೆಯಾಗಿ ಕೆಳಗೆ ಬಾಗಿರಲಿ. ಮೆತ್ತನೆಯ ಜ್ವಾಲೆಯಾದರೆ ಅದರ ತುದಿಗಿಂತ ಅರ್ಧ ಅಂಗುಲ ಮೇಲೆ, ಜೆಟ್ ಆದರೆ ಎರಡು ಅಂಗುಲ ದೂರ. ಬೆರಳುಗಳ ನಡುವೆ ಸಿಗಾರನ್ನು ನಿಧಾನವಾಗಿ ಉರುಳಿಸುತ್ತಾ ಅಂಚಿನ ಸುತ್ತ ಬಿಸಿ ಹಾಯಿಸಿ. ಕೆಂಡದ ಮೇಲೆ ಹಪ್ಪಳ ಸುಡುವವರು ಮಾಡುವುದೂ ಇದನ್ನೇ: ಉರಿ ತಾಗಿದರೆ ಕರಿಕು, ಬಿಸಿ ತಾಗಿದರೆ ಹದ. ಮೊದಲು ರ‍್ಯಾಪರಿನ ಅಂಚು ಗಾಢ ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಬಳಿಕ ಆ ಕಪ್ಪಿನ ಹೊರಗೆರೆಯಲ್ಲಿ ಬೂದು ಬಣ್ಣ ಮೂಡಿ ಎಳೆಯಂಥ ಹೊಗೆ ಏಳುತ್ತದೆ. ಎಲೆಯಲ್ಲಿದ್ದ ತೇವ ಹೊರಟುಹೋಗಿ ಅದು ಹತ್ತಿಕೊಳ್ಳಲು ಸಿದ್ಧವಾಗಿರುವ ಗುರುತು ಇದು. ಉಂಗುರ ಪೂರ್ತಿಯಾದ ಮೇಲೆ ಬಿಸಿಯನ್ನು ನಡುಭಾಗಕ್ಕೆ ತನ್ನಿ, ಲಿಹೇರೊ ಕುಳಿತಿರುವ ಜಾಗಕ್ಕೆ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಕು. ಒಟ್ಟಾರೆ ಅರ್ಧ ನಿಮಿಷ, ದಪ್ಪ ಸಿಗಾರಾದರೆ ಮುಕ್ಕಾಲು ನಿಮಿಷ. ಈ ಹಂತದಲ್ಲಿ ಅವಸರಪಟ್ಟರೆ ಮುಂದಿನ ಒಂದು ಗಂಟೆ ಸಿಗಾರನ್ನು ತಿದ್ದುವುದರಲ್ಲೇ ಕಳೆಯುತ್ತದೆ.

ಆಮೇಲೆ ಬಾಯಿಗಿಟ್ಟು, ಜ್ವಾಲೆಯನ್ನು ಅಷ್ಟೇ ದೂರದಲ್ಲಿ ಹಿಡಿದು, ಮೆಲ್ಲಗೆ ಮೂರು ನಾಲ್ಕು ಸಲ ಎಳೆಯಿರಿ. ಪ್ರತಿ ಎಳೆತಕ್ಕೂ ಸಿಗಾರನ್ನು ಕಾಲು ಸುತ್ತು ತಿರುಗಿಸಿ. ಎಳೆತದ ಸೆಳೆತಕ್ಕೆ ಮೆತ್ತನೆಯ ಜ್ವಾಲೆ ತಾನಾಗಿಯೇ ಬಾಗಿ ತುದಿಯತ್ತ ಜಿಗಿಯುತ್ತದೆ, ನೀವು ಅದನ್ನು ಹತ್ತಿರ ಒಯ್ಯಬೇಕಾಗಿಲ್ಲ. ಲೈಟರ್ ಮುಚ್ಚಿ, ಸಿಗಾರನ್ನು ತಿರುಗಿಸಿ ಹಚ್ಚಿದ ತುದಿಯ ಮೇಲೆ ಮೆಲ್ಲಗೆ ಊದಿ. ಇಡೀ ಮುಖ ಒಂದೇ ಸಮನಾಗಿ ಕಿತ್ತಳೆ ಬಣ್ಣಕ್ಕೆ ಹೊಳೆದರೆ ಹತ್ತಿದೆ ಎಂದರ್ಥ. ಎಲ್ಲಾದರೂ ಕಪ್ಪು ತೇಪೆ ಉಳಿದಿದ್ದರೆ ಆ ಜಾಗಕ್ಕಷ್ಟೇ ಬಿಸಿ ಕೊಡಿ. ನಂತರ ಒಂದು ನಿಮಿಷ ಸುಮ್ಮನಿಡಿ. ಅಲ್ಲಿಂದ ಮುಂದೆ ನಿಮಿಷಕ್ಕೊಂದು ಎಳೆತ ಸಾಕು. ಬಿಡದೆ ಎಳೆದರೆ ಕೆಂಡ ಕಾದು ರುಚಿ ಕಹಿಯಾಗುತ್ತದೆ. ಮುಂದೆ ಎಂದಾದರೂ ಒಂದು ಪಕ್ಕ ಹಿಂದೆ ಬಿದ್ದರೆ ಎರಡು ಮೂರು ಎಳೆತ ಕಾದು ನೋಡಿ. ಅನೇಕ ಸಲ ಅದೇ ಸರಿಹೋಗುತ್ತದೆ. ಹೋಗದಿದ್ದರೆ ಹಿಂದೆ ಬಿದ್ದ ಅಂಚಿಗೆ ದೂರದಿಂದ ಬಿಸಿ ತೋರಿಸಿ. ಈ ರಿಪೇರಿಯಲ್ಲಿ ಒಂಟಿ ಜೆಟ್‌ನಷ್ಟು ಅನುಕೂಲದ್ದು ಬೇರೆ ಇಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನಿಮ್ಮ ಸಿಗಾರ್ ಆರಿಹೋಗಬಹುದು, ಏಕೆಂದರೆ ಅದು ಮಳೆ ಕುಡಿದಿದೆ. ಕೊಡಗಿನ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇಕಡಾ 90 ದಾಟುವುದು ಸಾಮಾನ್ಯ, ಬೀರುವಿನೊಳಗಿನ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ. ಮರದ ಪೆಟ್ಟಿಗೆ ಆ ತೇವವನ್ನು ತಡೆಯಲಾರದು. ಒಂದು ಸಿಗಾರನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಹದವಾಗಿದ್ದರೆ ಸ್ವಲ್ಪ ತಗ್ಗಿ ಮತ್ತೆ ಮೇಲೇಳುತ್ತದೆ. ಮೆತ್ತಗೆ ಹಿಟ್ಟಿನಂತೆ ತಗ್ಗಿದರೆ, ತುದಿಯಲ್ಲಿ ಎಲೆಗಳು ಉಬ್ಬಿ ಹೊರಬಂದಿದ್ದರೆ ನೀರು ಹೆಚ್ಚಾಗಿದೆ. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿಗೆ ಅವುಗಳನ್ನು ವರ್ಗಾಯಿಸಿ, ಜೊತೆಗೆ ಶೇಕಡಾ 65ರ ಹ್ಯುಮಿಡಿಟಿ ಪ್ಯಾಕ್ ಹಾಕಿ. ಬೊವೆಡಾ ಹೆಸರಿನಲ್ಲಿ ಸಿಗುವ ಈ ಪೊಟ್ಟಣಗಳು ತೇವ ಹೆಚ್ಚಿದ್ದರೆ ಹೀರುತ್ತವೆ, ಕಡಿಮೆಯಿದ್ದರೆ ಬಿಡುತ್ತವೆ. ಎರಡು ಮೂರು ವಾರ ಅವುಗಳನ್ನು ಮರೆತುಬಿಡಿ. ಫ್ರಿಜ್ಜಿನಲ್ಲಿ ತೆರೆದಿಡಬೇಡಿ, ಅಲ್ಲಿ ಒಣಗುವುದರ ಜೊತೆಗೆ ಈರುಳ್ಳಿ, ಮೀನಿನ ವಾಸನೆಯೂ ಸೇರುತ್ತದೆ. ಡಬ್ಬಿಯೊಳಗೆ ಪುಟ್ಟ ತೇವಾಂಶ ಮಾಪಕ ಇಡುವುದಾದರೆ ಮೊದಲು ಅದನ್ನೇ ಪರೀಕ್ಷಿಸಿ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಾಗುವಷ್ಟು ನೀರು ಹನಿಸಿ, ಮಾಪಕದ ಜೊತೆ ಬಿಗಿಯಾದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅದು 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮಾಪಕ ಐದು ಹೆಚ್ಚು ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಿ.

ನೀವು ಕೇಳದಿದ್ದರೂ ಇದನ್ನು ಹೇಳದೆ ಬಿಡಲಾರೆ. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಅದು ತಪ್ಪು. ಸಿಗಾರಿನ ಹೊಗೆ ಕ್ಷಾರಗುಣದ್ದು, ಅದರ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಎದೆಗೆ ಎಳೆಯದವರಲ್ಲೂ ಅದು ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಲ್ಲದು. ನಾನು ವಿವರಿಸಿದ ವಿಧಾನದಿಂದ ರುಚಿ ಸುಧಾರಿಸುತ್ತದೆ, ಅಪಾಯ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಅಭ್ಯಾಸವಿಲ್ಲದವರು ಶುರುಮಾಡಬೇಡಿ. ಪೆಟ್ಟಿಗೆಯಲ್ಲಿ ಉಳಿದಿದೆ ಎಂಬ ಕಾರಣಕ್ಕೆ ನೀವೂ ದಿನಕ್ಕೊಂದು ಮುಗಿಸಬೇಡಿ. ಮಕ್ಕಳು, ಗರ್ಭಿಣಿಯರು ಇರುವ ಕೋಣೆಯಲ್ಲಿ ಹಚ್ಚಲೇಬೇಡಿ. ತೋಟದಲ್ಲಿ ಹೋಂಸ್ಟೇ ನಡೆಸುತ್ತಿದ್ದರೆ ಅತಿಥಿಗಳ ಊಟದ ಜಾಗವನ್ನು ನಿಮ್ಮ ಸ್ವಂತ ಜಗಲಿ ಎಂದು ಭಾವಿಸುವಂತಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧವಿದೆ. ಕರ್ನಾಟಕದ ತಿದ್ದುಪಡಿ ಕಾಯ್ದೆಯಂತೆ ಈಗ ದಂಡ 1,000 ರೂಪಾಯಿವರೆಗೆ ಇದೆ, 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ.

ಕೊನೆಯದಾಗಿ, ಆರಿಹೋದ ಸಿಗಾರ್. ಮತ್ತೆ ಹಚ್ಚಬಹುದು, ಆದರೆ ತಡಮಾಡಬಾರದು. ಆರಿದ್ದು ಗೊತ್ತಾದ ಕೂಡಲೇ ಬೂದಿಯನ್ನು ಮೆಲ್ಲಗೆ ಉದುರಿಸಿ. ಬಾಯಿಗಿಟ್ಟು ಒಳಕ್ಕೆ ಎಳೆಯುವ ಬದಲು ಒಮ್ಮೆ ಹೊರಕ್ಕೆ ಊದಿ, ಒಳಗೆ ನಿಂತ ಹಳಸಲು ಹೊಗೆ ಹೊರಬೀಳುತ್ತದೆ. ಆಮೇಲೆ ಮೊದಲಿನಂತೆಯೇ ದೂರದಿಂದ ಬಿಸಿಮಾಡಿ ಹಚ್ಚಿ. ಈ ಸಲ ಕಡಿಮೆ ಹೊತ್ತು ಸಾಕು, ಎಲೆ ಆಗಲೇ ಒಣಗಿರುತ್ತದೆ. ಒಂದೆರಡು ಗಂಟೆಯೊಳಗಾದರೆ ರುಚಿಗೆ ದೊಡ್ಡ ನಷ್ಟವಿಲ್ಲ. ರಾತ್ರಿಯಿಡೀ ಉಳಿದ ತುಂಡನ್ನು ಬೆಳಿಗ್ಗೆ ಹಚ್ಚಬೇಡಿ, ಅದರ ಟಾರು ತಣ್ಣಗಾಗಿ ಎಲೆಯಲ್ಲೆಲ್ಲ ಹರಡಿರುತ್ತದೆ. ಎಸೆಯುವ ಮುನ್ನ ತುಂಡು ಪೂರ್ತಿ ತಣ್ಣಗಾಗಿದೆಯೇ ಎಂದು ನೋಡಿ. ಬೇಕಿದ್ದರೆ ನೀರಿನಲ್ಲಿ ಅದ್ದಿ. ಸಿಗಾರಿನ ಕೆಂಡ ಬೂದಿಯ ಮರೆಯಲ್ಲಿ ಬಹಳ ಹೊತ್ತು ಬದುಕಿರುತ್ತದೆ, ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಿಮ್ಮ ತೋಟದ ನೆಲದ ಮೇಲೆ ಒಣಗಿದ ತರಗೆಲೆ ಬಿದ್ದಿರುತ್ತದೆ.